ಕೇಳುವ ಮೊದಲೇ ಬೀಳುತ್ತಿದ್ದ ರೊಟ್ಟಿ

ಅವಳ ಎಡಗಣ್ಣು ಓರೆ ಇತ್ತು. ಒಲೆಯ ಬಾಜೂ ನಿಂತು ಯಾರ ತಾಟು ನೋಡುತ್ತಿದ್ದಾಳೆಂದು ಉಣ್ಣುವವರಿಗೆ ತಿಳಿಯುತ್ತಿರಲಿಲ್ಲ. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇರುವಾಗಲೇ ಮೇಲೊಂದು ಬಿಸಿ ರೊಟ್ಟಿ ಬೀಳುತ್ತಿತ್ತು. ಅವಳ ಖಾನಾವಳಿಯಲ್ಲಿ ರೊಟ್ಟಿ ಕೇಳಿ ಉಂಡವರನ್ನು ನಾನು ನೋಡಿಲ್ಲ.

ಗದಗಿನ ಪ್ಯಾಟಿಯಲ್ಲಿ, ಕಾಳಿನ ಅಂಗಡಿಗಳ ಹಿಂದೆ ಆ ಖಾನಾವಳಿ. ಊಟಕ್ಕೆ ಬರುವವರು ಹೆಚ್ಚಾಗಿ ಚೀಲ ಹೊರುವ ಹಮಾಲರು. ನಾನು ಬೆಟಗೇರಿಯಿಂದ ಹೋಗಿ ಅಲ್ಲಿ ಹದಿನೆಂಟು ವರ್ಷ ರೊಟ್ಟಿ ಬಡಿದೆ. ಅವಳಿಗೆ ನಾನು ಅಕ್ಕ ಅನ್ನುತ್ತಿದ್ದೆ. ಅವಳು ನನಗೆ ಬಾಯಿಗೆ ಬಂದದ್ದು ಅನ್ನುತ್ತಿದ್ದಳು. ರೊಟ್ಟಿ ಸ್ವಲ್ಪ ದಪ್ಪಾದರೆ ಎಲ್ಲರ ಮುಂದೆ ಎತ್ತಿ ಹಿಡಿದು, "ಇದೇನ್ ರೊಟ್ಟೀನೋ, ಚಪ್ಪಲಿ ಅಟ್ಟೀನೋ?" ಎಂದು ಕೇಳುತ್ತಿದ್ದಳು. ಸಿಟ್ಟು ಬರುತ್ತಿತ್ತು. ಮಾತು ಖರೆ ಇರುತ್ತಿತ್ತು.

ನನ್ನ ಮೊಮ್ಮಗಳು ಆಗ ಎಂಬಿಎ ಓದುತ್ತಿದ್ದಳು. ಕಾಲೇಜಿನಲ್ಲಿ ಎಂಟು ದಿನದ ಒಂದು ಕೋರ್ಸು, ಬೇಕಾದವರು ತಾವೇ ಆರಿಸಿಕೊಳ್ಳುವುದಂತೆ. ಯಾವುದಾದರೂ ಸಣ್ಣ ಧಂದೆ ಹಿಡಿದು, ಅದರಲ್ಲಿ ಏನಾದರೂ ಬದಲು ಮಾಡಿ ತೋರಿಸಬೇಕು. ಕಡೆಯ ದಿನ ಸರ್ ಬಂದು ನೋಡಿ ಮಾರ್ಕ್ಸ್ ಹಾಕುತ್ತಾರೆ. "ಆಯಿ, ನಿಮ್ಮ ಖಾನಾವಳಿ ಕೊಡಸು" ಅಂದಳು. ಕೊಡಿಸಿದವಳು ನಾನೇ.

ಮೊಮ್ಮಗಳೂ ಸೇರಿ ನಾಲ್ಕು ಮಂದಿ ಬಂದರು. ಒಳ್ಳೆಯ ಹುಡುಗರು, ಸುಳ್ಳು ಯಾಕೆ ಹೇಳಲಿ. ಎರಡು ದಿನ ಮೂಲೆಯಲ್ಲಿ ಕುಳಿತು ಯಾರು ಎಷ್ಟು ಉಣ್ಣುತ್ತಾರೆ, ತಾಟಿನಲ್ಲಿ ಎಷ್ಟು ಬಿಡುತ್ತಾರೆ ಎಂದು ಬರೆದುಕೊಂಡರು. ಮೂರನೆಯ ದಿನ ಗೋಡೆಗೆ ರಟ್ಟಿನ ಬೋರ್ಡು ಬಂತು. ಊಟಕ್ಕೆ ಮೂರು ರೊಟ್ಟಿ, ಹೆಚ್ಚಿಗೆ ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕು.

ಇದು ನಡೆಯುವುದಿಲ್ಲ ಅಂತ ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಬೋರ್ಡು ತೆಗೆಸು ಅಂದೆ.

"ಅವರ ಸರ್ ಬಂದು ನೋಡೋಮಟಾ ಇರಲಿ. ಹುಡುಗಿ ಫೇಲಾದ್ರ ಆಕಿ ಬದ್ಲಿ ನೀ ಹೋಗಿ ಓದತೀಯೇನು?" ಅಂದಳು.

ಮುಂಜಾನೆಯಿಂದ ಚೀಲ ಹೊತ್ತು ಬಂದ ಗಂಡಸು ಕೈ ಎತ್ತಿ ಇನ್ನೊಂದು ರೊಟ್ಟಿ ಕೊಡ್ರಿ ಅನ್ನುವುದಿಲ್ಲ. ಹಮಾಲರು ಮೂರು ಉಂಡು, ತಂಬಿಗೆ ನೀರು ಕುಡಿದು ಎದ್ದು ಹೋದರು. ಅಕ್ಕ ಕೈಯಲ್ಲಿ ರೊಟ್ಟಿ ಹಿಡಿದು ನಿಂತೇ ಇದ್ದಳು. ಐದನೆಯ ದಿನಕ್ಕೆ ಅರ್ಧ ಮಂದಿ ಇಲ್ಲ. ಎಂಟನೆಯ ದಿನ ಸರ್ ಬಂದರು, ತಾಟಿನಲ್ಲಿ ಚೂರೂ ಉಳಿದಿಲ್ಲವೆಂದು ಮೆಚ್ಚಿಕೊಂಡರು. ಮೊಮ್ಮಗಳಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್.

ಸರ್ ಹೊಸ್ತಿಲು ದಾಟಿದ್ದೇ ಅಕ್ಕ ಬೋರ್ಡು ಕಿತ್ತು ಒಲೆಗೆ ಹಾಕಿದಳು. ಹಮಾಲರು ಮಾತ್ರ ತಿರುಗಿ ಬರಲಿಲ್ಲ. ಅಷ್ಟರಲ್ಲಿ ಅವರಿಗೆ ಬೇರೊಂದು ಖಾನಾವಳಿ ರೂಢಿಯಾಗಿತ್ತು. ನಾನು ಹೋಗಿ ಕರೆದು ಬರುತ್ತೇನೆ ಅಂದರೆ ಬಿಡಲಿಲ್ಲ.

"ಉಣ್ಣಾಕ ಬರ್ರಿ ಅಂತ ಮದುವಿ ಮನ್ಯಾಗ ಕರೀತಾರ. ಅರ್ಧಾ ಹೊಟ್ಟೀಲೆ ಎಬ್ಬಿಸಿ ಕಳಿಸಿದಾಕಿ ನಾ, ಯಾವ ಮಾರಿ ಇಟಗೊಂಡು ಕರೀಲಿ?"

ಆರು ತಿಂಗಳಿಗೆ ಖಾನಾವಳಿ ಮುಚ್ಚಿತು. ನನ್ನ ಕೆಲಸವೂ ಹೋಯಿತು, ಅದು ಬೇರೆ ಮಾತು. ಯಾಕೆ ಮುಚ್ಚಿದಿರಿ ಎಂದು ಮೊಮ್ಮಗಳು ಕೇಳಿದರೆ ತನ್ನ ಮೊಣಕಾಲು ಹೋಗಿವೆ ಅಂತ ಹೇಳು ಎಂದು ಅಕ್ಕ ನನ್ನ ಬಾಯಿ ಕಟ್ಟಿದಳು. ಹಾಗೇ ಹೇಳಿದೆ. ಹುಡುಗಿ ನೌಕರಿ ಹಿಡಿದ ಮೇಲೆ ಅಕ್ಕನಿಗೆ ಮೊಣಕಾಲಿಗೆ ಕಟ್ಟುವ ಪಟ್ಟಿ ತಂದುಕೊಟ್ಟಳು. ಅಕ್ಕನ ಮೊಣಕಾಲು ನನ್ನವಕ್ಕಿಂತ ಗಟ್ಟಿ ಇದ್ದವು. ಆದರೂ ಹುಡುಗಿ ಬರುತ್ತಾಳೆಂದು ಖಬರ ಸಿಕ್ಕರೆ ಸಾಕು, ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟಿ ತೋರಿಸುತ್ತಿದ್ದಳು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡಳು. ಮೊಮ್ಮಗಳು ಮಣ್ಣಿಗೆ ಬಂದಿದ್ದಳು. ಗೂಟಕ್ಕೆ ತೂಗುಹಾಕಿದ್ದ ಪಟ್ಟಿ ನೋಡಿ ಅತ್ತಳು. "ಇದರಿಂದ ಆಕಿಗೆ ಸ್ವಲ್ಪರ ಆರಾಮ ಆಗಿತ್ತಲ್ಲ, ಆಯಿ?" ಎಂದು ಕೇಳಿದಳು.

ಆಗಿತ್ತವ್ವಾ ಅಂದೆ.