ಗುಡಿಸಬಾರದ ಮನೆ

ಬೆಳಗಿನ ಐದೂವರೆ. ಸೆಲೆಸ್ಟ್ ಎಸ್ಟೇಟಿನ ನೀರಿನ ಚಕ್ರ ಇನ್ನೂ ತಿರುಗಲು ಶುರುಮಾಡಿಲ್ಲ. ಅಂಗಳದಲ್ಲಿ ನಿನ್ನೆ ಕಡಿದ ಕಬ್ಬಿನ ರಾಶಿಯ ಮೇಲೆ ಎರಡು ಹುಂಜಗಳು ಜಗಳಕ್ಕೆ ನಿಂತಿವೆ. ಯೂಫೀಮಿಯಾ ನೋಯೆಲ್ ಹುದುಗಿನ ಮನೆಯ ಬಾಗಿಲು ತೆರೆಯುತ್ತಾರೆ, ಬಲಗಿವಿಯ ಓಲೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಮೊದಲನೆಯ ಮರದ ತೊಟ್ಟಿಗೆ ಕಿವಿ ಒತ್ತಿ ಕಣ್ಣು ಮುಚ್ಚುತ್ತಾರೆ. ನೋಡಿದವರು ಪ್ರಾರ್ಥನೆ ಎಂದುಕೊಳ್ಳಬೇಕು, ಹಾಗೆ ನಿಲ್ಲುತ್ತಾರೆ.

“ಪ್ರಾರ್ಥನೆ ಭಾನುವಾರ,” ಎನ್ನುತ್ತಾರೆ ಅವರು, ಕಣ್ಣು ತೆರೆಯದೆಯೇ. “ಇದು ಪಕ್ಕದ ಮನೇಲಿ ಏನು ನಡೀತಿದೆ ಅಂತ ಗೋಡೆಗೆ ಕಿವಿ ಕೊಡೋ ಕೆಲಸ. ಮೊದಲನೇ ದಿನ ಏನೂ ಕೇಳ್ಸಲ್ಲ. ಮೂರನೇ ದಿನಕ್ಕೆ ಮೀನು ಹುರಿಯೋ ಸದ್ದು ಬರುತ್ತೆ. ಆರನೇ ದಿನ ಮುದುಕರು ಗೊಣಗೋ ಥರ. ಎಂಟನೇ ದಿನ ಗೊಣಗಾಟ ನಿಂತ್ರೆ ಬಟ್ಟಿಮನೆ ಹೆಸ್ಟನ್‌ನ ಕರೆದು ಹೇಳ್ತೀನಿ, ಎತ್ಕೊಳಪ್ಪಾ ಬಟ್ಟಿಗೆ ಅಂತ.”

ಗ್ರೆನೆಡಾದ ಈ ಎಸ್ಟೇಟಿನಲ್ಲಿ ಎಲ್ಲರೂ ಅವರನ್ನು ಟಾಂಟಿ ಫೀಮಿ ಎನ್ನುತ್ತಾರೆ. ಊರಿನ ಹಿರಿಯ ಹೆಂಗಸರೆಲ್ಲ ಇಲ್ಲಿ ಟಾಂಟಿಯರೇ, ಎಲ್ಲರಿಗೂ ಚಿಕ್ಕಮ್ಮ. ವಯಸ್ಸು ಐವತ್ತೊಂಬತ್ತು, ಅದರಲ್ಲಿ ಮೂವತ್ತೊಂದು ವರ್ಷ ಈ ಎಂಟು ತೊಟ್ಟಿಗಳ ಜೊತೆ ಕಳೆದಿದೆ. ಕಬ್ಬಿನ ಹಾಲು ಕೊಪ್ಪರಿಗೆಗಳಲ್ಲಿ ಕುದಿದು ಇಲ್ಲಿಗೆ ಬರುತ್ತದೆ, ಎಂಟು ದಿನ ಹುದುಗುತ್ತದೆ, ಆಮೇಲೆ ಬಟ್ಟಿ ಇಳಿದು ರಮ್ ಆಗುತ್ತದೆ. ಪೊಟ್ಟಣದ ಹೆಪ್ಪು ಹಾಕುವ ಪದ್ಧತಿ ಸೆಲೆಸ್ಟ್‌ನಲ್ಲಿ ಯಾವತ್ತೂ ಇರಲಿಲ್ಲ. ಹೆಪ್ಪು ಇರುವುದು ಗಾಳಿಯಲ್ಲಿ, ಮರದ ತೊಲೆಗಳಲ್ಲಿ, ಗೋಡೆಯ ಮಾಸಲಿನಲ್ಲಿ, ತಲೆಯ ಮೇಲೆ ತೂಗುವ ಜೇಡರ ಬಲೆಗಳಲ್ಲಿ. ಅದು ತಾನಾಗಿ ಇಳಿದು ಬಂದು ಕಬ್ಬಿನ ಹಾಲಿಗೆ ಸೇರುತ್ತದೆ. ಟಾಂಟಿ ಫೀಮಿ ದಿನಕ್ಕೆ ನಾಲ್ಕು ಸಲ ಎಂಟೂ ತೊಟ್ಟಿಗೆ ಕಿವಿ ಕೊಡುತ್ತಾರೆ, ಮೂರು ಸಲ ತಮಗಿಂತ ಉದ್ದದ ಮರದ ಹುಟ್ಟಿನಿಂದ ಕಲಕುತ್ತಾರೆ, ನೊರೆ ತೆಗೆಯುತ್ತಾರೆ, ಬೆರಳದ್ದಿ ನೆಕ್ಕುತ್ತಾರೆ. ಅಷ್ಟು ವರ್ಷ ರಮ್ಮಿನ ಮನೆಯಲ್ಲಿದ್ದೂ ಒಂದು ಲೋಟ ರಮ್ ಕುಡಿದವರಲ್ಲ. ಅವರ ನಾಲಿಗೆಗೆ ಅದು ಬೆಂಕಿಯಂತೆ.

ಹತ್ತು ಗಂಟೆಗೆ ಬಂದರಿನಿಂದ ಪ್ರವಾಸಿಗರ ಬಸ್ಸುಗಳು ಬರುತ್ತವೆ. ಮೊದಲು ಗುಡ್ಡದ ಮೇಲಿನ ದೊಡ್ಡ ಮನೆ. ಅಲ್ಲಿ ಮಹಾಗನಿ ಮರದ ಮೆಟ್ಟಿಲು, ಏಳು ತಲೆಮಾರಿನ ಯಜಮಾನರ ಚಿತ್ರಗಳು, ಪ್ರತಿ ಚಿತ್ರದ ಕೆಳಗೆ ಹಿತ್ತಾಳೆಯ ಫಲಕದಲ್ಲಿ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಗುಲಾಮರನ್ನು ಕರೆಯಲು ಬಾರಿಸುತ್ತಿದ್ದ ಗಂಟೆಯೂ ಇದೆ. ಆಮೇಲೆ ನೀರಿನ ಚಕ್ರ, ಗಾಣ, ಕೊಪ್ಪರಿಗೆ, ಬಟ್ಟಿ, ಕೊನೆಗೆ ರುಚಿ ನೋಡುವ ಕೋಣೆ. ಅಲ್ಲಿ ಒಂದು ಗುಟುಕಿಗೇ ಎಲ್ಲರೂ ಕೆಮ್ಮುತ್ತಾರೆ, ನಗುತ್ತಾರೆ, ವಿಮಾನದಲ್ಲಿ ಒಯ್ಯಲು ಬಿಡುವಷ್ಟು ಸಪ್ಪೆ ಮಾಡಿದ ರಮ್ಮಿನ ಬಾಟಲಿ ಕೊಂಡು ಹೋಗುತ್ತಾರೆ. ಕೊಪ್ಪರಿಗೆಗೂ ಬಟ್ಟಿಗೂ ನಡುವೆ ಇರುವ ಹುದುಗಿನ ಮನೆಯ ಮುಂದೆ ಮೂವತ್ತು ವರ್ಷ ಯಾರೂ ನಿಂತಿರಲಿಲ್ಲ. ವಾಸನೆ ಎಂದು ಗೈಡುಗಳು ಹೆಜ್ಜೆ ಬಿರುಸು ಮಾಡುತ್ತಿದ್ದರು. ಯಾರಾದರೂ ಕೇಳಿದರೆ ‘ಅದು ಉಗ್ರಾಣ’ ಎಂದು ಸಾಗಹಾಕುತ್ತಿದ್ದರು.

“ಮೂವತ್ತು ವರ್ಷ ನಾನು ಉಗ್ರಾಣದ ಸಾಮಾನು,” ಎಂದು ಟಾಂಟಿ ನಗುತ್ತಾರೆ. “ಬೇಜಾರೇನಿಲ್ಲ. ಸಾಮಾನಿಗೆ ಯಾರೂ ಫೋಟೋಗೆ ನಿಲ್ಲು ಅನ್ನಲ್ಲ.”

ಬೇಜಾರಿರಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಫೆಬ್ರವರಿಯಲ್ಲಿ ಆದದ್ದೆಲ್ಲ ಆದದ್ದು ಅದರಿಂದಲೇ.

ಈ ಕೆಲಸ ಅವರಿಗೆ ಬಂದದ್ದು ತಾಯಿ ಅಗಾಥಾ ಅವರಿಂದ. ಅಗಾಥಾ ಹನ್ನೆರಡನೆಯ ವಯಸ್ಸಿಗೆ ದೊಡ್ಡ ಮನೆಗೆ ಸೇರಿದವರು. ತೆಂಗಿನ ಸಿಪ್ಪೆಯಿಂದ ಮರದ ನೆಲ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡುವುದು, ಬೆಳಿಗ್ಗೆ ಗುಡಿಸುವುದು, ಮಧ್ಯಾಹ್ನ ಗುಡಿಸುವುದು, ಮಳೆಗೆ ನೆನೆದ ಕಾಲು ಒಳಗೆ ಬಂದಾಗೆಲ್ಲ ಮತ್ತೆ ಗುಡಿಸುವುದು. ಹದಿನೆಂಟು ವರ್ಷ ಹಾಗೆ ಬಗ್ಗಿದ ಮೇಲೆ ಅವರನ್ನು ಹುದುಗಿನ ಮನೆಗೆ ಕಳಿಸಿದರು. ಮಿಕ್ಕವರು ವಾಸನೆಯ ಕೆಲಸ ಎಂದು ಮೂಗು ಮುರಿದರೆ ಅಗಾಥಾಗೆ ಸ್ವರ್ಗ ಸಿಕ್ಕಂತಾಯಿತು, ಏಕೆಂದರೆ ಇಲ್ಲಿ ಪೊರಕೆ ಹಿಡಿಯುವಂತಿಲ್ಲ. ಮಗಳಿಗೆ ಕೆಲಸ ಕಲಿಸುವಾಗ ಅವರು ಹೇಳಿದ್ದು ಒಂದೇ ಮಾತು: ತೊಲೆ ಮುಟ್ಟಬೇಡ, ಗೋಡೆ ಮುಟ್ಟಬೇಡ, ಗುಡಿಸಬೇಡ.

ತೊಟ್ಟಿಗಳ ಮೇಲೆ ಆ ತಾಯಿಯ ಗುರುತೂ ಇತ್ತು. ದಿನವೂ ಕಿವಿ ಒತ್ತಿದ ಕಡೆ ತಲೆಯ ಕೊಬ್ಬರಿ ಎಣ್ಣೆ ಹತ್ತಿ ಮರ ಕಪ್ಪಾಗಿ ಮಿರುಗುತ್ತಿತ್ತು. ಒಂದೊಂದು ತೊಟ್ಟಿಗೂ ಎರಡೆರಡು ಕಲೆ, ಮೇಲಿನದು ಮಗಳದು, ಗೇಣಿನಷ್ಟು ಕೆಳಗಿನದು ತಾಯಿಯದು. ಅಗಾಥಾ ಕುಳ್ಳಗಿದ್ದರು. ಅವರು ತೀರಿಕೊಂಡು ಹದಿನಾಲ್ಕು ವರ್ಷವಾದರೂ ಆ ಕಲೆಗಳು ಹಾಗೆಯೇ ಇದ್ದವು. ಹಿಂದೆ ದೊಡ್ಡ ಚಂಡಮಾರುತ ಬಂದಾಗ ಈ ಮನೆಯ ತಗಡೆಲ್ಲ ಹಾರಿ ಸಮುದ್ರ ಸೇರಿತ್ತು, ಎರಡು ವರ್ಷ ಗಾಣ ನಿಂತಿತ್ತು, ಟಾಂಟಿ ಆಗ ಜಾಯಿಕಾಯಿ ಆಯಲು ಹೋಗಿ ಮನೆ ನಡೆಸಿದ್ದರು. ಮತ್ತೆ ಗಾಣ ಶುರುವಾದಾಗ ಮೂರೇ ದಿನಕ್ಕೆ ತೊಟ್ಟಿ ಎದ್ದು ನೊರೆಗರೆದಿತ್ತು. ತಗಡು ಹೋದರೂ ತೊಲೆಗಳು ಉಳಿದಿದ್ದವು.

“ಚಂಡಮಾರುತದ ಕೈಲಿ ಆಗದ್ದನ್ನ ನಾನು ಒಂದು ಬ್ರಷ್ ಹಿಡಿದು ಮಾಡ್ದೆ,” ಎನ್ನುತ್ತಾರೆ ಟಾಂಟಿ. ಈಗ ಹೇಳುವಾಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಪ್ರವಾಸಿಗರ ವಿಭಾಗ ನೋಡಿಕೊಳ್ಳುವ ಡೆಸ್ಲಿನ್ ಅಲೆಕ್ಸಿಸ್ ಪಟ್ಟಣದ ಹುಡುಗಿ, ಚುರುಕು. ಜನವರಿಯ ಕೊನೆಯಲ್ಲಿ ಆಕೆ ಬಂದು, “ಟಾಂಟಿ, ಮಾರ್ಚಿನಿಂದ ಬಸ್ಸಿನವರನ್ನ ನಿಮ್ಮಲ್ಲಿಗೂ ಕರ್ಕೊಂಡು ಬರ್ತೀನಿ” ಎಂದಳು. ಟಾಂಟಿ “ಬರ್ಲಿ ಬಿಡು” ಎಂದು ಹುಟ್ಟು ಆಡಿಸುತ್ತಲೇ ಇದ್ದರು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಫೆಬ್ರವರಿ ಏಳು ಸ್ವಾತಂತ್ರ್ಯ ದಿನ. ಊರಿಗೆ ಊರೇ ರಸ್ತೆಬದಿಯ ಕಲ್ಲಿಗೆ, ಬೇಲಿಗೆ, ಟೈರಿಗೆ ಬಾವುಟದ ಕೆಂಪು, ಹಳದಿ, ಹಸಿರು ಬಳಿಯುವ ಕಾಲ. ರಜೆಗೆ ಮೊದಲು ಎಂಟೂ ತೊಟ್ಟಿ ಬಟ್ಟಿಗೆ ಖಾಲಿಯಾಗಿದ್ದವು. ಮನೆಗೆ ನೆಂಟರು ಬರುತ್ತಾರೆಂದರೆ ಪರದೆ ಬದಲಿಸಿ ಮೂಲೆ ಮೂಲೆ ತೊಳೆಯುವುದು ಈ ದ್ವೀಪದ ಹೆಂಗಸರ ರಕ್ತದಲ್ಲೇ ಇದೆ. ಟಾಂಟಿ ಒಂದು ಬಕೆಟ್ ಬ್ಲೀಚಿಂಗ್ ಪುಡಿಯ ನೀರು, ಒಂದು ಬಕೆಟ್ ಸುಣ್ಣ, ಏಣಿ ತಂದರು. ಮೂರು ದಿನದ ರಜೆಯಲ್ಲಿ ತೊಲೆ ಉಜ್ಜಿದರು, ಬಲೆ ತೆಗೆದರು, ಗೋಡೆಗೆ ಸುಣ್ಣ ಬಳಿದರು, ತೊಟ್ಟಿಗಳನ್ನು ಒಳಗೂ ಹೊರಗೂ ತಿಕ್ಕಿದರು. ತಾಯಿಯ ಮಾತು ನೆನಪಿರಲಿಲ್ಲವೆ?

“ನೆನಪಿತ್ತು. ಇದೊಂದ್ಸಲ ಅಂದ್ಕೊಂಡೆ. ಜನ ಬಂದು ಜೇಡರ ಬಲೆ ನೋಡಿ, ಈ ಹೆಂಗಸು ಎಷ್ಟು ಕೊಳಕು ಅಂದ್ರೆ?”

ರಜೆ ಮುಗಿಸಿ ಬಂದ ಹೆಸ್ಟನ್ ಜೋಸೆಫ್, ಬಟ್ಟಿ ನೋಡಿಕೊಳ್ಳುವವನು, ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದ. “ಟಾಂಟಿ, ಯಾರ ಮದುವೆ?” ಎಂದ.

ಸೋಮವಾರ ತೊಟ್ಟಿಗಳು ತುಂಬಿದವು. ಬುಧವಾರ ಕಿವಿ ಕೊಟ್ಟರೆ ಸದ್ದಿಲ್ಲ. ಗುರುವಾರವೂ ಇಲ್ಲ. ಕಬ್ಬಿನ ಹಾಲಿನ ಮೇಲೆ ಒಂದು ಗುಳ್ಳೆಯೂ ಏಳದೆ, ಕೆಟ್ಟ ಹುಳಿ ವಾಸನೆ ಹೊಡೆಯತೊಡಗಿತು. ಅಂಗಳದಲ್ಲಿ ಕಡಿದ ಕಬ್ಬು ಒಣಗುತ್ತಿತ್ತು, ಬಟ್ಟಿ ತಣ್ಣಗಿತ್ತು. ಆಫೀಸಿನವರು ಹೊರದೇಶದಿಂದ ಪೊಟ್ಟಣದ ಹೆಪ್ಪು ತರಿಸುವ ಮಾತಾಡಿದರು. ಹೆಸ್ಟನ್ ಸಿಟ್ಟಾಗಿ, “ತರಿಸಿ. ಬಾಟಲಿ ಮೇಲಿನ ಹೆಸರನ್ನೂ ಅಲ್ಲಿಂದಲೇ ತರಿಸಿ. ಅದು ಸೆಲೆಸ್ಟ್ ರಮ್ ಅಲ್ಲ” ಎಂದ. ಟಾಂಟಿಯನ್ನು ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅವರು. ಉಜ್ಜಿದ ಮರದ ಮೇಲೆ ತಾಯಿಯ ಎಂಟು ಕಲೆಗಳೂ ಇರಲಿಲ್ಲ. ತಿಕ್ಕುವಾಗ ಅದು ಅವರಿಗೆ ಹೊಳೆದೇ ಇರಲಿಲ್ಲ, ಗುರುವಾರ ಕಿವಿ ಒತ್ತಲು ಬಗ್ಗಿದಾಗ ಕಂಡಿತು. ಅಲ್ಲಿಯೇ ಕೂತು ಅತ್ತರು.

ಆ ಸಂಜೆ ಮನೆಗೆ ಹೋಗಿ ಊಟ ಸೇರದೆ ಒಂದು ಲೋಟ ಮಾಬಿ ಬಗ್ಗಿಸಿಕೊಂಡರು. ಮಾಬಿ ಎಂದರೆ ಒಂದು ಮರದ ಕಹಿ ತೊಗಟೆಯನ್ನು ಚಕ್ಕೆ ಲವಂಗದ ಜೊತೆ ಕುದಿಸಿ, ಸಕ್ಕರೆ ಹಾಕಿ, ನೊರೆ ಬರಿಸಿ ಕುಡಿಯುವ ಪಾನೀಯ. ನೊರೆ ಬರಬೇಕಾದರೆ ಹಿಂದಿನ ಸಲದ್ದು ಒಂದು ಲೋಟ ಉಳಿಸಿ ಹೆಪ್ಪು ಹಾಕಬೇಕು, ನಾವು ಮೊಸರಿಗೆ ಹಾಕುವ ಹಾಗೆಯೇ. ಲೋಟ ತುಟಿಗಿಟ್ಟಾಗ ಮೂಗಿನ ತುದಿಗೆ ನೊರೆ ಹತ್ತಿತು. ಟಾಂಟಿ ಲೋಟ ಕೆಳಗಿಟ್ಟು ನೊರೆಯನ್ನೇ ನೋಡಿದರು. ಆ ಮನೆಯ ಮಾಬಿಗೆ ಮೊದಲ ಹೆಪ್ಪು ಎಲ್ಲಿಂದ ಬಂದದ್ದು ಎಂಬುದು ಅವರಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಎಸ್ಟೇಟಿನ ಗೇಟಿನಲ್ಲಿ ಸಂಜೆ ಕೆಲಸದವರ ಚೀಲ ಬಿಚ್ಚಿ ನೋಡುತ್ತಾರೆ. ಒಳಗಿನದು ಒಂದು ಹನಿಯೂ ಹೊರಗೆ ಹೋಗಬಾರದು, ಹೋದರೆ ಕೆಲಸ ಹೋಯಿತು. ಅಗಾಥಾ ನಲವತ್ತೈದು ವರ್ಷದ ಹಿಂದೆ ಮೂರನೆಯ ತೊಟ್ಟಿಯ ನೊರೆಯನ್ನು ಒಂದು ಸಣ್ಣ ಕೊಡದಲ್ಲಿ ಹಾಕಿ ತಲೆಯ ಮೇಲೆ ಹೊತ್ತು ತಂದಿದ್ದರು. ಕಾವಲಿನವನು ಚೀಲ ನೋಡಿದ, ತಲೆ ನೋಡಲಿಲ್ಲ. ಅಂದಿನಿಂದ ವಾರ ತಪ್ಪದೆ, ಅಡುಗೆಮನೆಯ ಕಿಟಕಿಯ ಬಾಟಲಿಯಲ್ಲಿ, ಆ ಹೆಪ್ಪು ಒಂದು ಮಾಬಿಯಿಂದ ಇನ್ನೊಂದಕ್ಕೆ ದಾಟುತ್ತ ಬಂದಿದೆ.

ಶುಕ್ರವಾರ ಬೆಳಿಗ್ಗೆ ಟಾಂಟಿ ಮಾಬಿಯ ಎರಡು ಬಾಟಲಿಗಳನ್ನು ಕೈಯಲ್ಲೇ ಹಿಡಿದು, ಕಾವಲಿನವನ ಮುಂದೆಯೇ ಒಳಗೆ ಬಂದರು. ಹೆಸ್ಟನ್‌ಗೂ ಡೆಸ್ಲಿನ್‌ಗೂ ಎಲ್ಲ ಹೇಳಿದರು.

“ಅಂದ್ರೆ ಟಾಂಟಿ, ಇಷ್ಟು ವರ್ಷ ಎಸ್ಟೇಟಿನ ಮಾಲು ನಿಮ್ಮ ಮನೇಲಿ,” ಎಂದ ಹೆಸ್ಟನ್.

“ಹೂಂ. ಕದ್ದದ್ದೇ. ವಾಪಸ್ ತಂದಿದೀನಿ. ಬೇಕೋ ಬೇಡ್ವೋ?”

“ಕೆಲಸ ಹೋಗುತ್ತೆ ಅಂತ ಭಯ ಇಲ್ವಾ?” ಎಂದಳು ಡೆಸ್ಲಿನ್.

“ತೊಟ್ಟಿ ಏಳದಿದ್ರೆ ನನಗೆ ಇಲ್ಲೇನು ಕೆಲಸ, ಮಗಳೇ?”

ಮೂರನೆಯ ತೊಟ್ಟಿಯ ಹುಳಿ ಹಾಲನ್ನು ಚೆಲ್ಲಿ ಹೊಸದು ತುಂಬಿದರು. ಒಂದು ಬಕೆಟ್ ಬೆಚ್ಚನೆಯ ಕಬ್ಬಿನ ಹಾಲಿಗೆ ಬಾಟಲಿ ಬಗ್ಗಿಸಿ, ಬಕೆಟ್ ನೊರೆಯೆದ್ದ ಮೇಲೆ ಅದನ್ನು ತೊಟ್ಟಿಗೆ ಸುರಿದರು. ಶನಿವಾರ ಸದ್ದಿಲ್ಲ. ಭಾನುವಾರ ಟಾಂಟಿ ಚರ್ಚಿಗೆ ಹೋಗದೆ ಇಲ್ಲಿಗೇ ಬಂದರು, ಆಗಲೂ ಇಲ್ಲ. ಸೋಮವಾರ ಬೆಳಿಗ್ಗೆ ಓಲೆ ಬಿಚ್ಚಿ ಕಿವಿ ಒತ್ತಿದರು. ದೂರದಲ್ಲಿ, ಬಹಳ ದೂರದಲ್ಲಿ, ಯಾರೋ ಬಾಣಲೆಗೆ ಒಂದು ಮೀನು ಬಿಟ್ಟ ಹಾಗಾಯಿತು. ನಂಬಿಕೆ ಬರದೆ ಹೆಸ್ಟನ್‌ನ ಕತ್ತು ಹಿಡಿದು ಅವನ ಕಿವಿಯನ್ನೂ ಒತ್ತಿದರು.

“ಹುರೀತಿದೆ, ಟಾಂಟಿ,” ಎಂದ ಅವನು.

ಮೂರನೆಯದರಿಂದ ನಾಲ್ಕಕ್ಕೆ, ನಾಲ್ಕರಿಂದ ಮಿಕ್ಕವಕ್ಕೆ. ಹದಿನೈದು ದಿನದಲ್ಲಿ ಎಂಟೂ ಎದ್ದವು. ಆಫೀಸಿನವರು ಕಳವಿನ ವಿಷಯ ಕೇಳಿಸಿಕೊಂಡರು, ಮತ್ತೆ ಅದರ ಮಾತೆತ್ತಲಿಲ್ಲ. ಮೊದಲ ಬಟ್ಟಿಯ ರಮ್ ರುಚಿ ನೋಡಿದ ಹೆಸ್ಟನ್, ಸ್ವಲ್ಪ ಲವಂಗ ಹೊಡೆಯುತ್ತಿದೆ ಎಂದು ಇವತ್ತಿಗೂ ಛೇಡಿಸುತ್ತಾನೆ. ಟಾಂಟಿಗೆ ಸಿಟ್ಟು ಬರುವ ಏಕೈಕ ಮಾತು ಅದು. “ನಿನ್ನ ನಾಲಿಗೆಗೆ ಲವಂಗ ಅಂಟಿದೆ, ಹೋಗಿ ತೊಳ್ಕೋ” ಎನ್ನುತ್ತಾರೆ.

ಈಗ ಮೇ ತಿಂಗಳು. ಮೂಲೆಯಲ್ಲಿ ಜೇಡಗಳು ಮತ್ತೆ ಬಂದಿವೆ, ಸುಣ್ಣ ಮಾಸುತ್ತಿದೆ, ಎರಡನ್ನೂ ಟಾಂಟಿ ದಿನವೂ ತೃಪ್ತಿಯಿಂದ ನೋಡುತ್ತಾರೆ. ಬಸ್ಸಿನವರು ಹುದುಗಿನ ಮನೆಯಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರು ಕಿವಿ ಒತ್ತುತ್ತಾರೆ. ಮೊನ್ನೆ ಒಬ್ಬ ಮುದುಕ ಕಿವಿ ಒತ್ತಿದವನು ಬಸ್ಸು ಹಾರ್ನ್ ಹೊಡೆದರೂ ಏಳಲಿಲ್ಲವಂತೆ. ಶುಕ್ರವಾರ ಸಂಜೆ ಡೆಸ್ಲಿನ್ ಖಾಲಿ ಬಾಟಲಿ ಹಿಡಿದು ಟಾಂಟಿಯ ಮನೆಗೆ ಬರುತ್ತಾಳೆ. ಅಂಗಡಿಯ ಮಾಬಿ ಪುಡಿ ಕಲಸಿ ಕುಡಿಯುತ್ತಿದ್ದ ಹುಡುಗಿ ಈಗ ತೊಗಟೆ ಕುದಿಸುತ್ತಾಳೆ. ಹೆಪ್ಪು ಈಗ ಎರಡು ಅಡುಗೆಮನೆಗಳಲ್ಲಿದೆ, ಹೆಸ್ಟನ್‌ನ ಹೆಂಡತಿಯೂ ಕೇಳಿದ್ದಾಳೆ.

ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕ ಹಾಕಿಸುತ್ತೇನೆ, ನಿಮ್ಮ ಹೆಸರು ಇರಲಿ ಎಂದು ಡೆಸ್ಲಿನ್ ಮೂರು ಸಲ ಕೇಳಿದ್ದಾಳೆ. ಮೂರು ಸಲವೂ ಟಾಂಟಿ ಬೇಡ ಎಂದಿದ್ದಾರೆ. ಈ ಬೆಳಿಗ್ಗೆ ಎಂಟನೆಯ ತೊಟ್ಟಿಯಿಂದ ಕಿವಿ ತೆಗೆದು, ಓಲೆ ಹಾಕಿಕೊಳ್ಳುತ್ತ, ಬಾಗಿಲಲ್ಲಿ ನಿಂತ ಡೆಸ್ಲಿನ್ ಜೊತೆ ಅವರೇ ಆ ಮಾತು ತೆಗೆಯುತ್ತಾರೆ.

“ಫಲಕ ಹಾಕ್ಸು, ಮಗಳೇ. ‘ಇಲ್ಲಿ ಗುಡಿಸಬೇಡಿ’ ಅಂತ ಬರೆಸು. ಕೆಳಗೆ ನನ್ನ ಹೆಸರು ಬೇಡ, ಅಗಾಥಾ ನೋಯೆಲ್ ಅಂತ ಇರಲಿ.”

“ಅಷ್ಟೇನಾ, ಟಾಂಟಿ? ಹುಟ್ಟಿದ ವರ್ಷ, ಏನು ಕೆಲಸ ಮಾಡ್ತಿದ್ರು, ಏನೂ ಬೇಡ್ವಾ?”

ಟಾಂಟಿ ಹುಟ್ಟು ಎತ್ತಿ ಮೊದಲನೆಯ ತೊಟ್ಟಿಗೆ ಇಳಿಸುತ್ತಾರೆ. ಹೊರಗೆ ಯಾರೋ ತೂಬು ಎತ್ತಿದ್ದಾರೆ, ನೀರಿನ ಚಕ್ರ ಕಿರುಗುಟ್ಟುತ್ತ ತಿರುಗಲು ಶುರುಮಾಡಿದೆ.

“ಅಷ್ಟೇ ಸಾಕು,” ಎನ್ನುತ್ತಾರೆ. “ಈ ಎಸ್ಟೇಟಲ್ಲಿ ಜೀವನ ಪೂರ್ತಿ ಎಲ್ರೂ ಅವಳಿಗೆ ಅಪ್ಪಣೆ ಕೊಟ್ಟವರೇ. ಒಂದು ಅಪ್ಪಣೆ ಅವಳೂ ಕೊಡ್ಲಿ.”