ಕುಂಕುಮ ಇಟ್ಟದ್ದಕ್ಕೆ ವಾರಂಟಿ ಹೋಯ್ತು

ಗೆಳೆಯರೇ, ಬಿಳಿಗೆರೆಯಲ್ಲಿ ನಮ್ಮಕ್ಕನ ಕಾಯಿ ಸುಲಿಯುವ ಮಿಷನ್ ಕೆಟ್ಟು ನಿಂತಿದೆ. ಕೊಬ್ಬರಿಯಾಗಲೆಂದು ಅಟ್ಟದಲ್ಲಿಟ್ಟು ಈಗ ಇಳಿಸಿದ ತೆಂಗಿನಕಾಯಿ ಅಂಗಳದಲ್ಲಿ ರಾಶಿ ಬಿದ್ದಿದೆ, ಮೇಲೆ ಮೋಡ. ನೆನೆದರೆ ಕೊಬ್ಬರಿ ಹಾಳು.

ಇವತ್ತು ಬಂದ ಕಂಪನಿಯವನು ಮಿಷನ್ನಿನ ಸೀಲ್ ಸ್ಟಿಕ್ಕರ್ ನೋಡಿದ. "ಸೀಲ್ ಕಿತ್ತೋಗದೆ, ಯಾರೋ ಬಿಚ್ಚವ್ರೆ. ವಾರಂಟಿ ಹೋಯ್ತು."

"ಬಿಚ್ಚಿಲ್ಲ ಕಣಪ್ಪ! ಆಯುಧಪೂಜೇಲಿ ತೊಳ್ದು ಕುಂಕುಮ ಇಕ್ಕಿದ್ವಿ, ಆಗ ಕಿತ್ಕಂತು" ಎಂದಳು ಅಕ್ಕ.

"ಸರಿ ಕಣ್ರೀ, ಪಾರ್ಟ್ಸ್ ಕೊಡಿ, ನಮ್ಮೂರ ಮೆಕ್ಯಾನಿಕ್ ಹಾಕ್ತಾನೆ" ಎಂದೆ ನಾನು.

"ಹೊರಗಿನೋರಿಗೆ ಪಾರ್ಟ್ಸ್ ಕೊಡಲ್ಲ ಸಾರ್."

ಕೊಂಡವರು ನಾವು, ಹೊರಗಿನವರೂ ನಾವೇ! ನಮ್ಮ ಸೊತ್ತನ್ನು ನಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗೆ ಕಾನೂನು ಬರಲಿ ಎಂದು ಕೂತರೆ ಮಳೆ ಕಾಯುತ್ತದೆಯೇ?

"ಹೋದ ವಾರಂಟಿಗೆ ಇನ್ಯಾತರ ಭಯ?" ಎಂದು ಅಕ್ಕ ಅವನೆದುರೇ ಸ್ಪ್ಯಾನರ್ ಎತ್ತಿಕೊಂಡಳು. ಮೊದಲು ಅದಕ್ಕೂ ಕುಂಕುಮ ಇಟ್ಟಳು.