ಸರಾಸರಿ ಇಳಿಸಿದವಳು

ಅವತ್ತು ಕೊಟ್ಟಿಗೆ ಬಾಚಿದ್ದು, ನೀರು ಸೇದಿದ್ದು, ಕಾರ್ಖಾನೆಗೆ ಹೋಗುವ ಮೈದುನನ ಡಬ್ಬಿಗೆ ಚಿತ್ರಾನ್ನ ತುಂಬಿದ್ದು, ರಾಗಿಹೊಲದ ಕಳೆ ಕೀಳಿಸಿದ್ದು, ಹರಿದ ಗೋಣಿಚೀಲ ಹೊಲಿದದ್ದು. ಇಷ್ಟೂ ಮುಗಿಸಿ ಕಾಲು ಚಾಚುವಾಗ ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ಫಾರಂ ಹಿಡಿದು ಬಂದರು. ಯಾವ ಕೆಲಸಕ್ಕೆ ವಾರಕ್ಕೆಷ್ಟು ಸಿಗುತ್ತದೆ, ದೇಶದಲ್ಲಿ ಕೂಲಿ ಏರಿದೆಯೋ ಇಲ್ಲವೋ, ಸರ್ಕಾರಕ್ಕೆ ಗೊತ್ತಾಗಬೇಕಂತೆ.

ಹೊಸೂರಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಪಾಳಿ ಮುಗಿಸಿ ಬಂದ ಮೈದುನ ಜಗಲಿ ಮೇಲಿದ್ದ. ನಮ್ಮ ಹೊಲದ ಕಳೆ ಕೀಳುವ ಹೆಂಗಸು ಕೂಲಿಗಾಗಿ ಕೆಳಗೆ ಕೂತಿದ್ದಳು. ಆಕೆಗೆ ನಾನು ಕೊಡುತ್ತಿದ್ದದ್ದು ದಿನಕ್ಕೊಂದು ಸೇರು ರಾಗಿ, ಮಧ್ಯಾಹ್ನ ಮುದ್ದೆ. ಎಷ್ಟೋ ವರ್ಷದಿಂದ ಅಷ್ಟೇ.

ಫಾರಮ್ಮಿನಲ್ಲಿ ರಾಗಿಗೆ ಜಾಗವಿರಲಿಲ್ಲ. ಸಾಹೇಬರು ಅಂಗಡಿ ರೇಟು ಕೇಳಿ ರೂಪಾಯಿ ಮಾಡಿದರು. ಮುದ್ದೆ ಎಷ್ಟು ದಪ್ಪ ಅಂತಲೂ ಕೇಳಿದರು. ನಾನು ಕೈಯಲ್ಲಿ ತೋರಿಸಿದೆ.

"ಅಷ್ಟಿರಲ್ಲ ಬುಡಕ್ಕಯ್ಯ" ಅಂದಳು ಆಕೆ.

ಮೈದುನನ ಸಂಬಳವನ್ನೂ ಬರೆದುಕೊಂಡು, ಇಬ್ಬರದ್ದೂ ಕೂಡಿಸಿ, ಭಾಗಿಸಿ, ತಲೆಗಿಷ್ಟು ಎಂದು ಸಾಹೇಬರು ಓದಿದರು.

"ಅಷ್ಟು ನಂಗೆ ಬತ್ತದಾ ಸಾಮಿ?"

"ಬರಲ್ಲಮ್ಮ. ಅದು ಸರಾಸರಿ."

"ಮತ್ತೆ ನನ್ ಪಾಲು ಯಾರ್ತಾವ ಐತೆ?" ಎಂದು ಮೈದುನನ ಜೇಬು ನೋಡಿದಳು.

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. "ಕಾಗದದಾಗೆ ನನ್ ಸಂಬಳಾನೇ ಇಳಿದೋಯ್ತು ಕಣಕ್ಕಾ!"

"ಕೂಡೋವಾಗ ಸೇರಿಸ್ಕಂಡು ಕೊಡೋವಾಗ ಬುಟ್ಬುಡ್ತೀರಾ? ಸರಾಸರಿ ಕೊಡೋಗಂಟ ನಾ ಕಳೆಗೆ ಬರಾಕಿಲ್ಲ."

ಇನ್ನೂ ಅರ್ಧ ಹೊಲ ಕಳೆಯಲ್ಲಿ ಮುಚ್ಚಿಹೋಗಿತ್ತು. ಊರಿನ ಉಳಿದ ಹೆಂಗಸರೆಲ್ಲ ಕಾರ್ಖಾನೆ ಕಟ್ಟಡಕ್ಕೆ ಮಣ್ಣು ಹೊರಲು ಹೋಗುತ್ತಿದ್ದರು.

ಸಾಹೇಬರು ಸಮಾಧಾನ ಮಾಡಲು ಹೋದರು. "ಬೇಡ ಅಂದ್ರೆ ನಿನ್ನ ಸಾಲು ಹೊಡೆದುಹಾಕ್ತೀನಿ ಬಿಡಮ್ಮ. ಆಗ ಸರಾಸರಿ ತಾನಾಗೇ ಏರ್ತದೆ."

"ನಾನ್ ಹೋದ್ರೆ ದೇಸದ ಕೂಲಿ ಏರ್ತದಾ? ಇಷ್ಟು ದಿನ ಇಳಿಸ್ಕಂಡು ಕೂತಿರೋಳು ನಾನೇನಾ!" ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಯ್ಯ, ನಾ ಇಳಿಸಿದ್ದೋ, ನೀ ಇಳಿಸಿದ್ದೋ?"

ಒಳಗೆ ಹೋಗಿ ಸೇರಿನ ಮೇಲೆ ಅರ್ಧ ಸೇರು ಅಳೆದು ತಂದು ಅವಳ ಮಡಿಲಿಗೆ ಸುರಿದೆ. "ಇನ್ಮೇಲೆ ದಿನಾ ಇಷ್ಟು."

"ಬರ್ಕಳಿ ಸಾಮಿ, ಏರ್ತು!"

"ಹೋದ ವಾರದ್ದು ಮಾತ್ರ ಬರೆಯೋದಮ್ಮ. ಇದು ಮುಂದಿನ ಸಲ."

"ದೇಸಕ್ಕಿನ್ನೂ ಗೊತ್ತಾಗಿಲ್ಲ ಅನ್ನಿ" ಎನ್ನುತ್ತ ಎದ್ದಳು. "ನಾಳೆ ಬತ್ತೀನಕ್ಕಯ್ಯ."

ರಾತ್ರಿ ಮುದ್ದೆ, ಅಣ್ಣೆಸೊಪ್ಪಿನ ಸಾರು. ಮಲಗಿದ ಮೇಲೆ, ಅರ್ಧ ಸೇರು ಯಾಕೆ ಹೆಚ್ಚಿಗೆ ಕೊಟ್ಟೆ ಅಂತ ಯಜಮಾನರು ಕೇಳಿದರು. ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಗೊರಕೆ ಶುರುಮಾಡಿದರು.